ನಿಜಗುಣಪ್ಪನ ಹೆಸರಿನ ರಕ್ತ

ಸಂಗೊಳ್ಳಿಯ ನಿಜಗುಣಪ್ಪ ಲಾರಿ ಹೊಡೆಯುವುದರಲ್ಲಿ ಹುಲಿ, ಡಾಕ್ಟರರ ಮುಂದೆ ಇಲಿ. ಅವನ ಅಪ್ಪ ನಲವತ್ತೈದಕ್ಕೆ ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಇವನಿಗೆ ನಲವತ್ನಾಲ್ಕು.

ಅದೇ ವರ್ಷ ಒಬ್ಬ ಡ್ರೈವರ್ ಕಿತ್ತೂರ ರಸ್ತೆಯಲ್ಲಿ ಸ್ಟೇರಿಂಗಿನ ಮೇಲೇ ಜೀವ ಬಿಟ್ಟ. ಇವನ ಲಾರಿಯ ಮಾಲೀಕ, ಬೈಲಹೊಂಗಲದ ಅಂದಾನೆಪ್ಪ, ಹೆದರುವವರ ಮೇಲೆ ಹಾವು ಎಸೆದಂತೆ, ತನ್ನ ಡ್ರೈವರರೆಲ್ಲ ಬೆಳಗಾವಿಯ ಡಾಕ್ಟರರಿಗೆ ಎದೆ ತೋರಿಸಬೇಕೆಂದು ಹುಕುಂ ಮಾಡಿದ. ಆ ಡಾಕ್ಟರು ವಯಸ್ಸು, ಬೀಡಿ, ಬಿ.ಪಿ., ರಕ್ತದ ಕೊಬ್ಬು, ಅಪ್ಪ ಸತ್ತ ರೀತಿ ಎಲ್ಲ ಬರೆದುಕೊಂಡು, ಹತ್ತು ವರ್ಷದೊಳಗೆ ಎದೆ ಕೈಕೊಡುವ ಸಂಭವ ಎಷ್ಟೆಂದು ಹೇಳುತ್ತಿದ್ದರು. ನಿಜಗುಣಪ್ಪ ತನ್ನ ಹೆಸರಿನಲ್ಲಿ ತಮ್ಮ ಶಂಕರೆಪ್ಪನನ್ನು ಕಳಿಸಿದ. ತಮ್ಮ ಗರಡಿಯ ಪೈಲ್ವಾನ, ಬೀಡಿ ಮುಟ್ಟಿದವನಲ್ಲ, ತುಪ್ಪ ತಿಂದು ಬೆಳೆದ ಮೈ. ಅವನಿಗೇನು ಧಾಡಿ!

ಹದಿನೈದು ದಿನಕ್ಕೆ ನಿಜಗುಣಪ್ಪನ ಕೈಗೆ ಡಾಕ್ಟರರ ಟಪಾಲು ಬಂತು. ನಿಮ್ಮ ರಕ್ತದಲ್ಲಿ ಕೊಬ್ಬು ವಿಪರೀತ; ನಿಮ್ಮಂಥ ನೂರು ಜನರಲ್ಲಿ ಮೂವತ್ತು ಜನರಿಗೆ ಹತ್ತು ವರ್ಷದೊಳಗೆ ಹೃದಯಾಘಾತ ಆದೀತು. ತುಪ್ಪ ಬಿಡಿ, ಭಾರ ಎತ್ತಬೇಡಿ, ಕೂಡಲೇ ಬಂದು ಕಾಣಿ. ಹೆಸರು ನಿಜಗುಣಪ್ಪನದು, ರಕ್ತ ತಮ್ಮನದು.

ತಮ್ಮ ತನ್ನ ನಿಜ ಹೆಸರಿನಲ್ಲಿ ಡಾಕ್ಟರರ ಬಳಿ ಹೋದರೆ ಮೋಸ ಬಯಲಾಗಿ ಕೆಲಸ ಹೋಗುತ್ತದೆ. ಹೋಗದಿದ್ದರೆ ತಮ್ಮನೇ ಹೋದಾನು. ಹೇಡಿಗೆ ನೂರು ನೆಪ. ಇವತ್ತು ನಾಳೆ ಎನ್ನುತ್ತ ಒಂದು ತಿಂಗಳು ನುಂಗಿದ.

ಆ ತಿಂಗಳೆಲ್ಲ ಸತ್ತ ಅಪ್ಪ ಅವನ ಕಣ್ಣಿಗೆ ಬೀಳುತ್ತಿದ್ದ. ತಮ್ಮ ಊಟಕ್ಕೆ ಕೂತು ತುಪ್ಪ ಸುರಿದುಕೊಂಡರೆ, ಪಕ್ಕದಲ್ಲಿ ಅಪ್ಪ ಕೂತು ಹಿರಿಯ ಮಗನನ್ನೇ ನೋಡುತ್ತಿದ್ದ. ಲಾರಿಯಲ್ಲೂ ಪಕ್ಕದ ಸೀಟಿಗೆ ಬಂದು ಕೂತ. ಬಾಯಿ ಬಿಟ್ಟು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಪ್ಪ ಮಾತೇ ಆಡಲಿಲ್ಲ.

ಒಂದು ಮುಂಜಾನೆ ಶಂಕರೆಪ್ಪ ಗರಡಿಯಲ್ಲಿ ಗುಂಡುಕಲ್ಲು ಎತ್ತುತ್ತಿದ್ದ. ಅವನ ಬೆನ್ನ ಹಿಂದೆ ಅಪ್ಪ ನಿಂತಿದ್ದ. ನಿಜಗುಣಪ್ಪ ಓಡಿಹೋಗಿ ತಮ್ಮನ ತೋಳು ಹಿಡಿದ.

"ಇಳಸೋ! ಆ ಕಲ್ಲ ಮೊದಲ ಇಳಸು!"

ಅಲ್ಲೇ ಕೂತು ಎಲ್ಲ ಹೇಳಿಬಿಟ್ಟ. ಶಂಕರೆಪ್ಪ ಮೈಯ ಮಣ್ಣು ಕೊಡವಿಕೊಂಡ.

"ಒಂದ ತಿಂಗಳ ಮುಚ್ಚಿಟ್ಟಿಯಲ್ಲಪಾ ಅಣ್ಣಾ," ಎಂದ. "ಇರ್ಲಿ. ನಾ ತುಪ್ಪ ಬಿಡತೇನಿ, ಗುಳಿಗಿ ತಗೋತೇನಿ. ನಿಂದೇನು? ಎದಿ ಹಿಡಕೊಂಡು ಸತ್ತಾಂವ ನಿನಗೂ ಅಪ್ಪನ ಅಲ್ಲೇನು? ನಿನ್ನ ಎದಿ ಯಾರ ನೋಡ್ಯಾರ?"

ತಮ್ಮ ನಿಜಗುಣಪ್ಪನ ಕೈ ಹಿಡಿದು, ಬೆಳಗಾವಿ ಬಸ್ಸು ಹಿಡಿಯಲು ಬಸ್ ಸ್ಟ್ಯಾಂಡಿನ ಕಡೆ ಎಳೆದ. ಅಷ್ಟು ದೊಡ್ಡ ಡ್ರೈವರ್, ಶಾಲೆಗೆ ಹೋಗಲೊಲ್ಲದ ಹುಡುಗನಂತೆ, ನಡುಬೀದಿಯಲ್ಲಿ ಅಳತೊಡಗಿದ.