ಬೀಳ್ಕೊಡುಗೆಯ ಮಡಿಲಕ್ಕಿ

ಬಿಸಿಲು ಏರಿ ಗಾಜು ಕಾಯುವ ಮೊದಲೇ ಸೋಲಾರ್ ಪ್ಲೇಟುಗಳನ್ನು ತೊಳೆದು ಮುಗಿಸಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಹಾಗಾಗಿ ತಿರುಮಣಿಯ ಆ ಹೆಂಗಸರು ಕೋಳಿ ಕೂಗುವ ಹೊತ್ತಿಗೇ ಮನೆ ಬಿಡುತ್ತಿದ್ದರು. ಟ್ಯಾಂಕರಿನ ಪೈಪು ಒಬ್ಬಳ ಕೈಯಲ್ಲಿ, ಉದ್ದ ಕೋಲಿನ ಬ್ರಷ್ಷು ಇನ್ನೊಬ್ಬಳ ಕೈಯಲ್ಲಿ. ಸಾಲು ಹಿಡಿದು ಸಾಗುವಾಗ ಹಾಡೂ ಇರುತ್ತಿತ್ತು, ಮನೆಮನೆಯ ಜಗಳಗಳ ವಿಚಾರಣೆಯೂ ಇರುತ್ತಿತ್ತು. ಯಾರ ಸೊಸೆ ಯಾರಿಗೆ ಏನಂದಳು ಎಂಬುದು ಊರಿಗೆ ಗೊತ್ತಾಗುವ ಮೊದಲು ಆ ಪ್ಲೇಟುಗಳಿಗೆ ಗೊತ್ತಾಗುತ್ತಿತ್ತು.

ಕಂಪನಿಯವರು ಸಾಲುಗಳಿಗೆ ಇಂಗ್ಲಿಷ್ ಅಕ್ಷರ, ನಂಬರು ಬರೆಸಿದ್ದರು. ಹೊನ್ನಕ್ಕ ಅದನ್ನೆಲ್ಲ ಕಲಿಯುವ ಗೋಜಿಗೆ ಹೋಗಿರಲಿಲ್ಲ. ಅವಳಿಗೆ ಇದು ಹುಣಸೆಮರದ ಹೊಲ, ಅದು ಕಲ್ಲುಬಾವಿ ಹೊಲ, ಆಚೆಯದು ತನ್ನದೇ ಕಡ್ಲೆಕಾಯಿ ಹೊಲ. ಹೊಲವನ್ನು ಸೋಲಾರಿಗೆ ಗುತ್ತಿಗೆ ಕೊಟ್ಟು, ಅದೇ ಹೊಲದಲ್ಲಿ ನಿಂತ ಪ್ಲೇಟು ತೊಳೆಯಲು ಏಜೆನ್ಸಿಯ ಮೂಲಕ ಕೆಲಸಕ್ಕೆ ಸೇರಿದವಳು ಅವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ಇದು ವಾಸಿ ಎನ್ನುತ್ತಿದ್ದಳು. ಆ ಕೆಲಸ ಅವಳಿಗೆ ಅನ್ನವೂ ಆಗಿತ್ತು, ಜೊತೆಯೂ ಆಗಿತ್ತು.

ಹೆಂಗಸರ ಮೇಲ್ವಿಚಾರಕ ಪಾಲಾಕ್ಷ ಹೊನ್ನಕ್ಕನ ಭಾವನ ಮಗ. ಅವಳನ್ನು ಚಿಕ್ಕವ್ವ ಎಂದೇ ಕರೆಯುತ್ತಿದ್ದ. ಅವನೂ ಅದೇ ಏಜೆನ್ಸಿಯ ಆಳು. ವ್ಯತ್ಯಾಸವೆಂದರೆ ಅವನಿಗೊಂದು ಟೋಪಿ ಕೊಟ್ಟಿದ್ದರು, ತಲೆಗೆ ಟೋಪಿ ಬಂದ ಮೇಲೆ ತಾನೂ ಆಳೇ ಎಂಬುದು ಅವನಿಗೆ ಅಷ್ಟಾಗಿ ನೆನಪಾಗುತ್ತಿರಲಿಲ್ಲ.

ಒಂದು ಶುಕ್ರವಾರ ಏಜೆನ್ಸಿಯ ಮ್ಯಾನೇಜರ್ ನವೀನ್ ಕುಮಾರ್ ಬಂದು ಅವನನ್ನು ಪಕ್ಕಕ್ಕೆ ಕರೆದ. ಸೋಮವಾರದಿಂದ ನೀರೇ ಬೇಡದ ಒರೆಸುವ ಮಷಿನ್‌ಗಳು ಬರುತ್ತವೆ, ಕಂಪನಿ ತೊಳೆಯುವ ಗುತ್ತಿಗೆಯನ್ನು ನಿಲ್ಲಿಸಿದೆ, ಶನಿವಾರವೇ ಹೆಂಗಸರಿಗೆ ಕಡೆಯ ದಿನ ಎಂದ. ಪ್ರತಿಯೊಬ್ಬರಿಂದಲೂ ಒಂದು ಸಹಿ ಬೇಕು ಎಂದು ಅಚ್ಚು ಹಾಕಿಸಿದ ಹಾಳೆಗಳನ್ನು ಕೊಟ್ಟ. ಅವನ ಮುಖದಲ್ಲೂ ನಿದ್ದೆ ಇರಲಿಲ್ಲ. "ನಮಗೂ ಒಂದು ಮೇಲ್ ಬಂತು ಅಷ್ಟೇ ಪಾಲಾಕ್ಷ. ನಾನೂ ಸಂಬಳದವನೇ. ಸಹಿ ಇಲ್ಲದೆ ಹೋದರೆ ನನ್ನ ಕುತ್ತಿಗೆಗೆ ಬರುತ್ತೆ. ನೀನು ಇದೊಂದು ಸರಾಗವಾಗಿ ಮುಗಿಸಿಕೊಡು, ಮಷಿನ್ ಕಡೆ ಸೂಪರ್‌ವೈಸರ್ ಜಾಗ ನಿನಗೇ."

ಹಾಳೆ ಓದಿ ಪಾಲಾಕ್ಷನಿಗೆ ಕಸಿವಿಸಿಯಾಯಿತು. ಆದರೆ ಆ ಜಾಗದ ಮಾತು ಕಿವಿಯಲ್ಲಿ ಸಿಹಿಯಾಗಿ ಕೂತಿತ್ತು. ಇಷ್ಟು ವರ್ಷ ದುಡಿದ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಅವನೇ ಒಂದು ದಾರಿ ಹುಡುಕಿದ. ತವರಿನಿಂದ ಹೊರಟ ಮಗಳಿಗೆ ಮಾಡುವ ಹಾಗೆ ಎಲ್ಲರಿಗೂ ಮಡಿಲು ತುಂಬಿಸಿ ಕಳಿಸೋಣ ಎಂದ. ಅದರಲ್ಲಿ ಮೋಸದ ಯೋಚನೆ ಇರಲಿಲ್ಲ, ನಿಜವಾಗಿಯೂ ಮರ್ಯಾದೆಯೆಂದೇ ಅಂದುಕೊಂಡಿದ್ದ. ನವೀನ್ ಕುಮಾರನಿಗೆ ಇದು ತುಂಬಾ ಹಿಡಿಸಿತು. ಮಡಿಲು ತುಂಬಿದ ಕೂಡಲೇ ಅಲ್ಲೇ ಸಹಿ ಹಾಕಿಸಿಬಿಡು ಎಂದು ಹೇಳಿ ಕಾರು ಹತ್ತಿ ಶಿರಾ ಕಡೆ ಹೋದ.

ಶನಿವಾರ ಕೆಲಸ ಮುಗಿದ ಮೇಲೆ ಟ್ಯಾಂಕರ್ ನಿಲ್ಲುವ ಬೇವಿನ ಮರದಡಿ ಚಾಪೆ ಹಾಸಿದರು. ಮುತ್ತೈದೆ ಬೇಕಲ್ಲ, ಪಾಲಾಕ್ಷ ಹೆಂಡತಿ ಧನಲಕ್ಷ್ಮಿಯನ್ನೇ ಕರೆತಂದಿದ್ದ. ಅವಳು ಹೊಸ ಸೀರೆ ಉಟ್ಟು, ಅರಿಶಿನ ಕುಂಕುಮ ಇಟ್ಟು, ಒಬ್ಬೊಬ್ಬರ ಸೆರಗಿಗೂ ಬೊಗಸೆ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕಿದಳು. ನಾಳೆಯಿಂದ ಕೆಲಸವಿಲ್ಲ ಎಂಬ ಸುದ್ದಿಗೆ ಅತ್ತವರೂ ಅಕ್ಕಿ ಬೀಳುವಾಗ ಕಣ್ಣೊರೆಸಿಕೊಂಡರು. ಮಡಿಲು ತುಂಬುವಾಗ ಅಳಬಾರದು.

ಚಾಪೆಯ ತುದಿಯಲ್ಲೇ ಪಾಲಾಕ್ಷ ಹಾಳೆ ಹಿಡಿದು ಕೂತಿದ್ದ. ಒಂದು ಕೈಯಲ್ಲಿ ಭಾರವಾದ ಸೆರಗು ಹಿಡಿದವರು ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದರು. ಹಾಳೆ ಎತ್ತಿ ಓದಲು ಮೂರನೆಯ ಕೈ ಎಲ್ಲಿಂದ ತರುವುದು? ಆಂಧ್ರದ ಮಡಕಶಿರಾ ಕಡೆಯಿಂದ ಸೊಸೆಯಾಗಿ ಬಂದ ಶಿವಲಕ್ಷ್ಮಿ ಹತ್ತನೆಯವರೆಗೆ ಓದಿದವಳು. ಅವಳೂ ನೋಡದೆ ಗೀಚಿದಳು. ಅಕ್ಕಿ ಹಾಕಿದವರ ಮುಂದೆ ಕಾಗದ ಪರೀಕ್ಷೆ ಮಾಡುವುದು ಚೆನ್ನಾಗಿರುತ್ತದೆಯೇ?

ಹೊನ್ನಕ್ಕನ ಸರದಿ ಬಂದಾಗ ಧನಲಕ್ಷ್ಮಿಯ ಬೊಗಸೆ ತಡೆಯಿತು. ಗಂಡನಿಲ್ಲದವಳಿಗೆ ಮಡಿಲು ತುಂಬುವ ರೂಢಿಯಿಲ್ಲ. ಹೊನ್ನಕ್ಕನೇ ಅವಳನ್ನು ಆ ಕಷ್ಟದಿಂದ ಪಾರು ಮಾಡಿದಳು. "ನಂಗ್ಯಾಕವ್ವ, ಹಿಂದ್ಲೋರಿಗೆ ಹಾಕು" ಎಂದು ಪಕ್ಕಕ್ಕೆ ಸರಿದು ನಿಂತಳು. ಧನಲಕ್ಷ್ಮಿ ತಲೆ ಎತ್ತಲಿಲ್ಲ. ಪಾಲಾಕ್ಷ ಮಾತ್ರ ಹಾಳೆಯನ್ನು ಅವಳ ಮುಂದೂ ಚಾಚಿದ.

ಹೊನ್ನಕ್ಕ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. "ನಂಗೆ ಮಡ್ಲು ತುಂಬಿಲ್ವಲ್ಲ, ಎಲ್ಡೂ ಕೈ ಖಾಲಿ ಅವೆ. ಇದ್ರಾಗೆ ಏನೈತೆ ಓದ್ಲಾ ಮಗ, ಕೇಳ್ತೀನಿ."

ಪಾಲಾಕ್ಷ ಏನೂ ಇಲ್ಲ, ಸುಮ್ಮನೆ ಆಫೀಸಿನದು ಎಂದ. ಅವಳು ಹಾಳೆಯನ್ನು ಅವನ ಮುಂದೆಯೇ ಹಿಡಿದು ನಿಂತಳು. ವಿಧಿಯಿಲ್ಲದೆ ಓದಿದ. ನಾನು ನನ್ನ ಸ್ವಂತ ಕಾರಣಕ್ಕೆ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಏಜೆನ್ಸಿಯಿಂದ ನನಗೆ ಬರಬೇಕಾದದ್ದು ಏನೂ ಇಲ್ಲ, ಮುಂದೆಯೂ ಏನನ್ನೂ ಕೇಳುವುದಿಲ್ಲ. ಓದುತ್ತ ಓದುತ್ತ ಅವನ ದನಿ ಅವನಿಗೇ ಕೇಳದಷ್ಟು ಇಳಿಯಿತು.

"ಯಾರ್ಲಾ ಇಚ್ಛೆ ಪಟ್ಟೋರು?" ಎಂದಳು ಹೊನ್ನಕ್ಕ. ಅವಳ ಮಾತಿನಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಮಗಳಿಗೆ ಮಡ್ಲಕ್ಕಿ ಹಾಕೋದು ಮತ್ತೆ ತವ್ರಿಗೆ ಬರ್ಲಿ ಅಂತ ಕಣ್ಲಾ. ಅಕ್ಕಿ ಹಾಕ್ಬುಟ್ಟು ಬಾಗ್ಲು ಮುಚ್ಚೋದನ್ನ ನಾನೆಲ್ಲೂ ಕಂಡಿಲ್ಲ."

ಅವಳು ಸಹಿ ಹಾಕಲಿಲ್ಲ. ಹಾಕಿದವರು ತಮ್ಮ ಮಡಿಲು ನೋಡಿಕೊಂಡರು. "ನಾಕೇಂ ತೆಲುಸು ಅನ್ನಾ" ಎಂದು ಶಿವಲಕ್ಷ್ಮಿ ತನ್ನ ತವರಿನ ಮಾತಿನಲ್ಲೇ ಗೊಣಗಿದಳು, ನನಗೇನು ಗೊತ್ತಿತ್ತು ಎಂಬಂತೆ. ಆದರೂ ಕಾಗದ ವಾಪಸು ಕೊಡು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕಲಿತವರು ಅವರು. ಸೆರಗಿನ ಅಕ್ಕಿ ಅವರ ನಾಲಗೆಯ ಮೇಲೆ ಕೂತಿತ್ತು.

ಮನೆಗೆ ಬಂದ ಧನಲಕ್ಷ್ಮಿ ಹೊಸ ಸೀರೆ ಬಿಚ್ಚಿ ಮಡಿಸಿಟ್ಟಳು. ಆಮೇಲೆ ಕೇಳಿದಳು. "ಆ ಕಾಗ್ದದಾಗೆ ಇಂಗೈತೆ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಗೊತ್ತಿತ್ತು ಎಂದ ಪಾಲಾಕ್ಷ. ಮಷಿನ್ ಕಡೆಯ ಜಾಗದ ವಿಷಯವನ್ನೂ ಹೇಳಿದ. ನಾವೂ ಬದುಕಬೇಕಲ್ಲ, ತಾನು ಬೇಡವೆಂದರೆ ಇನ್ನೊಬ್ಬ ಸಹಿ ಹಾಕಿಸುತ್ತಾನೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಧನಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ ಕೈಲಿ ಅಕ್ಕಿ ಹಾಕ್ಸಿ ಅವ್ರ ಬಾಯಿ ಕಟ್ಸಿದ್ರಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. "ನಾಳೆ ನಿಮ್ನೂ ಇಂಗೇ ಕಳಿಸ್ತಾರೆ. ಆಗ ನಿಮ್ ಟವಲ್ಲಿಗೆ ಯಾರ್ ಅಕ್ಕಿ ಹಾಕ್ತಾರೆ?"

ಪಾಲಾಕ್ಷನಿಗೆ ಆಗ ಟೋಪಿ ನೆನಪಾಯಿತು. ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಅದರ ಮೇಲೂ ಅದೇ ಏಜೆನ್ಸಿಯ ಹೆಸರು. ಭಾನುವಾರವಿಡೀ ಹಾಳೆಗಳು ಅವನ ಬಳಿಯೇ ಇದ್ದವು. ನವೀನ್ ಕುಮಾರನ ಫೋನು ಬಂತು, ಸೋಮವಾರ ಪಾವಗಡದ ಆಫೀಸಿಗೆ ತಂದುಕೊಡು ಎಂದ. ಸೋಮವಾರ ಪಾಲಾಕ್ಷ ಪಾವಗಡಕ್ಕೇನೋ ಹೋದ. ಏಜೆನ್ಸಿಯ ಆಫೀಸಿಗೆ ಹೋಗಲಿಲ್ಲ. ಹೊನ್ನಕ್ಕನನ್ನೂ ಶಿವಲಕ್ಷ್ಮಿಯನ್ನೂ ಕರೆದುಕೊಂಡು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಬಾಗಿಲಿಗೆ ಹೋದ.

ಅಲ್ಲಿ ಭವ್ಯ ಎಂಬ ವಕೀಲೆ ಸಿಕ್ಕಳು. ಹೆಣ್ಣುಮಕ್ಕಳಿಗೆ ಇಲ್ಲಿ ಫೀಜು ಇಲ್ಲ, ಕೂತುಕೊಳ್ಳಿ ಅಮ್ಮ ಎಂದು ಮೊದಲು ಹೊನ್ನಕ್ಕನಿಗೆ ಕುರ್ಚಿ ಕೊಟ್ಟಳು. ಹೊನ್ನಕ್ಕನ ಪ್ರಶ್ನೆ ಒಂದೇ. ಹೊಲ ಅವರದಾಯಿತು, ಪ್ಲೇಟು ಅವರದು, ಕೆಲಸವೂ ಅವರದು. ಹೋಗು ಅಂದರೆ ಹೋಗಬೇಕು, ಅದರಲ್ಲಿ ನಮ್ಮದು ಅಂತ ಏನಿದೆ?

ಭವ್ಯ ಅವಸರ ಮಾಡದೆ ಹೇಳಿದಳು. ಕೆಲಸ ಮುಗಿಯಬಹುದು, ಮಷಿನ್ ಬರುವುದನ್ನು ಕಾನೂನು ತಡೆಯುವುದಿಲ್ಲ. ಆದರೆ ವರ್ಷಗಟ್ಟಲೆ ದುಡಿದವರನ್ನು ರಾತ್ರೋರಾತ್ರಿ ಕಳಿಸುವಂತಿಲ್ಲ. ತಿಂಗಳ ಮೊದಲು ಬರೆದು ತಿಳಿಸಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ದುಡಿದ ವರ್ಷಗಳಿಗೆ ತಕ್ಕಂತೆ ಪರಿಹಾರ ಬೇರೆ. ಬಾಕಿ ಸಂಬಳವನ್ನು ಏಜೆನ್ಸಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. ಪಿಎಫ್ ಅಂತೂ ಯಾರ ಭಿಕ್ಷೆಯೂ ಅಲ್ಲ. "ಇನ್ನೊಂದಿದೆ ಅಮ್ಮ. ನಾಳೆ ಏಜೆನ್ಸಿ ಮತ್ತೆ ಆಳು ತೊಗೊಳ್ಳೋದಾದರೆ, ತೆಗೆದುಹಾಕಿದ ಹಳಬರನ್ನೇ ಮೊದಲು ಕರೀಬೇಕು. ನಾನೇ ಬಿಟ್ಟೆ ಅಂತ ಬರೆದುಕೊಟ್ಟರೆ ಇದೆಲ್ಲ ಕೇಳೋದು ಕಷ್ಟ ಆಗುತ್ತೆ."

"ಅಂದ್ರೆ ಕಾನೂನ್ನಾಗೂ ಮಡ್ಲಕ್ಕಿ ಐತೆ ಅನ್ನು" ಎಂದಳು ಹೊನ್ನಕ್ಕ.

ಭವ್ಯ ಅರ್ಥವಾಗದೆ ಪಾಲಾಕ್ಷನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಹಾಕಿಬಿಟ್ಟ ಸಹಿಯ ಗತಿಯೇನು ಎಂದು ಶಿವಲಕ್ಷ್ಮಿ ಕೇಳಿದಳು. ಹಾಳೆ ಹರಿದುಹಾಕಬೇಡಿ, ಕಾರ್ಮಿಕ ಇಲಾಖೆಯ ಮುಂದೆಯೇ ಇಡೋಣ, ಏನಿದೆ ಎಂದು ಹೇಳದೆ ಹಾಕಿಸಿದ್ದನ್ನು ಪ್ರಶ್ನಿಸಬಹುದು, ಆದರೆ ಹೇಳಲಿಲ್ಲ ಎಂಬುದಕ್ಕೆ ಯಾರಾದರೂ ಸಾಕ್ಷಿ ನಿಲ್ಲಬೇಕು ಎಂದಳು ಭವ್ಯ. ಪಾಲಾಕ್ಷ ಹಾಳೆಗಳನ್ನು ಭವ್ಯಳ ಮೇಜಿನ ಮೇಲಿಟ್ಟ. ತಾನು ನಿಲ್ಲುತ್ತೇನೆ ಎಂದ.

ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಮಾತುಕತೆ ಕೂಡಿದಾಗ ಬಿಸಿಲು ಕಾಲ ಬಂದಿತ್ತು. ನವೀನ್ ಕುಮಾರ್ ತನ್ನ ಕಡೆಯದನ್ನು ಹೇಳಿಕೊಂಡ. ಕಂಪನಿ ನಮಗೇ ಮೊದಲೇ ತಿಳಿಸಲಿಲ್ಲ, ನಾವು ಯಾರಿಗೆ ಏನಂತ ನೋಟೀಸು ಕೊಡುವುದು, ಆದರೂ ಸುಮ್ಮನೆ ಕಳಿಸಲಿಲ್ಲ, ಮಡಿಲು ತುಂಬಿಸಿ ಗೌರವದಿಂದಲೇ ಕಳಿಸಿದೆವು ಎಂದ. ಅವನಿಗೂ ಅದು ಗೌರವವೆಂದೇ ಅನ್ನಿಸಿದ್ದಿರಬಹುದು. ಅಧಿಕಾರಿ ಪಾಲಾಕ್ಷನ ಕಡೆ ತಿರುಗಿ, ಸಹಿ ಹಾಕಿಸುವಾಗ ಇವರಿಗೆ ಏನು ಹೇಳಿದಿರಿ ಎಂದು ಕೇಳಿದರು.

ಪಾಲಾಕ್ಷ ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬರೂ ಅವನನ್ನು ದುರುಗುಟ್ಟಿ ನೋಡುತ್ತಿರಲಿಲ್ಲ. ನೋಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವರೆಲ್ಲ ನಮ್ಮ ಹುಡುಗ ತಡವರಿಸದೆ ಮಾತಾಡಲಿ ಎಂಬಂತೆ ನೋಡುತ್ತಿದ್ದರು.

"ಏನೂ ಹೇಳ್ಲಿಲ್ಲ ಸಾರ್. ಅವ್ರು ಓದ್ಬಾರ್ದು ಅಂತ ನಂಗೂ ಒಳಗೊಳಗೆ ಇತ್ತು. ಮಡ್ಲು ತುಂಬಿದ್ ಕೈಗೇ ಪೆನ್ನು ಕೊಟ್ಟೆ."

ಅಷ್ಟೇ ಅವನು ಹೇಳಿದ್ದು. ಇನ್ನೂ ಎರಡು ಬಾರಿ ಅಲೆದ ಮೇಲೆ ಆ ಹಾಳೆಗಳು ಲೆಕ್ಕಕ್ಕಿಲ್ಲ ಎಂದು ಏಜೆನ್ಸಿ ಒಪ್ಪಿಕೊಂಡಿತು. ಕೆಲಸ ನಿಲ್ಲಿಸಿದ್ದು ತಾನೇ ಎಂದು ಬರೆದುಕೊಟ್ಟು, ಕಾನೂನಿನಂತೆ ಕೊಡಬೇಕಾದುದಕ್ಕೆ ಒಪ್ಪಿತು. ಮಷಿನ್ ಪ್ಲೇಟು ಒರೆಸಬಹುದು, ಆದರೆ ಪ್ಲೇಟಿನಡಿ ಮೊಣಕಾಲೆತ್ತರ ಬೆಳೆಯುವ ಹುಲ್ಲನ್ನು ಅದು ಕೀಳುವುದಿಲ್ಲವಲ್ಲ. ಮಳೆ ಬಿದ್ದ ಮೇಲೆ ಆ ಕೆಲಸ ಶುರುವಾದಾಗ ಹಳಬರನ್ನೇ ಮೊದಲು ಕರೆಯುವುದೆಂದಾಯಿತು. ಮಷಿನ್ ಕಡೆಯ ಸೂಪರ್‌ವೈಸರ್ ಜಾಗಕ್ಕೆ ಬುಕ್ಕಾಪಟ್ಟಣದ ಕಡೆಯವನೊಬ್ಬ ಬಂದ. ಪಾಲಾಕ್ಷನಿಗೂ ಏಜೆನ್ಸಿ ಕೆಲಸವಿಲ್ಲವೆಂದಿತು, ಆದರೆ ಬಾಯಿಮಾತಿನಲ್ಲಲ್ಲ, ತಿಂಗಳ ಮೊದಲೇ ಬರವಣಿಗೆಯಲ್ಲಿ. ಅವನು ಅದನ್ನು ಎರಡು ಸಲ ಓದಿ ನಕ್ಕ.

ಒಪ್ಪಂದಕ್ಕೆ ಸಹಿ ಬಿದ್ದ ದಿನ ಎಲ್ಲರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು. ಈ ಬಾರಿ ಶಿವಲಕ್ಷ್ಮಿ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿ, ಆಮೇಲೆಯೇ ಸಹಿ ಮಾಡಿದ್ದಳು. ಹೊನ್ನಕ್ಕ ತನ್ನ ಮನೆಯ ಕಡೆ ತಿರುಗುವಷ್ಟರಲ್ಲಿ ಧನಲಕ್ಷ್ಮಿ ಬಾಗಿಲಿಗೆ ಬಂದು ಅತ್ತೆ ಎಂದು ಕರೆದಳು. ಕಾಫಿ ಕುಡಿದು ಹೋಗು ಎಂದು ಒಳಗೆ ಕೂರಿಸಿದಳು. ಹೊನ್ನಕ್ಕ ಲೋಟ ಕೆಳಗಿಟ್ಟು ಎದ್ದಾಗ ಧನಲಕ್ಷ್ಮಿ ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ ಇಟ್ಟುಕೊಂಡು ಎದುರಿಗೆ ನಿಂತಿದ್ದಳು.

"ಸೆರಗು ಹಿಡಿ ಅತ್ತೆ."

ಹೊನ್ನಕ್ಕ ಬೆಚ್ಚಿ ಹಿಂದೆ ಸರಿದಳು. "ನಾನು ಇಸ್ಕೋಬಾರ್ದು ಕಣವ್ವ. ಮುತ್ತೈದೆ ನೀನು, ಜನ ಏನಂತಾರೆ."

"ಮಡ್ಲಕ್ಕಿ ಹಾಕೋದು ಮತ್ತೆ ಬರ್ಲಿ ಅಂತ, ನೀನೇ ಅಂದಿದ್ದು" ಎಂದಳು ಧನಲಕ್ಷ್ಮಿ. ಮೊರವನ್ನು ಇನ್ನೊಂದು ಹೆಜ್ಜೆ ಮುಂದೆ ತಂದಳು. "ನೀನು ಮತ್ತೆ ಬರೋದು ಬ್ಯಾಡ್ವಾ ನಮ್ಗೆ?"

ಹೊನ್ನಕ್ಕ ಪಾಲಾಕ್ಷನ ಕಡೆ ನೋಡಿದಳು. ಅವನು ಎದ್ದು ಬಾಗಿಲನ್ನು ಇನ್ನಷ್ಟು ಅಗಲ ತೆರೆದ, ಬೀದಿಯವರಿಗೂ ಕಾಣಲಿ ಎಂಬಂತೆ. ಅವಳು ನಿಧಾನವಾಗಿ ಸೆರಗು ಚಾಚಿದಳು. ಧನಲಕ್ಷ್ಮಿ ಮೂರು ಬೊಗಸೆ ಅಕ್ಕಿ ಹಾಕಿದಳು. ಮಡಿಲು ತುಂಬುವಾಗ ಅಳಬಾರದು ಎಂಬುದು ಹೊನ್ನಕ್ಕನಿಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎರಡೂ ಕೈಯಲ್ಲಿ ಸೆರಗನ್ನು ಎದೆಗೆ ಅವುಚಿಕೊಂಡು ಬೀದಿಗಿಳಿದು ಮನೆಗೆ ಹೋದಳು.