ಡಿಕ್ಕಿಯೊಳಗಿನ ಹಸಿರು ಬಣ್ಣ

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಹರಿಪ್ರಸಾದನಿಗೆ ಹಳೆಯ ಕಾರುಗಳ ಹುಚ್ಚು. ಹೊಸಕೋಟೆಯ ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ರಜೆಯ ದಿನವೆಲ್ಲ ಕಳೆಯುತ್ತಿದ್ದ. ಅವನ ಕೈಗೆ ಬಂದ ಒಂದು ಜೀಪು, ಒಂದು ಹೆರಾಲ್ಡ್ ಕಾರು ರಿಪೇರಿಯಾಗಿ ಮತ್ತೆ ರಸ್ತೆ ಕಂಡಿದ್ದವು. ಕಾರು ಮೊದಲ ದಿನ ಹೇಗಿತ್ತೋ ಹಾಗೇ ಆಗಬೇಕು ಎನ್ನುವುದು ಅವನ ಹಟ. ನಡುವೆ ಯಾರು ಏನು ಬಳಿದಿದ್ದರೂ, ಏನು ಅಂಟಿಸಿದ್ದರೂ ಅವನ ಪಾಲಿಗೆ ಕೊಳೆ.

ಕುಂದಾಣದ ಪಿಳ್ಳಣ್ಣನ ಫಿಯೆಟ್ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ಹೆರಿಗೆ ನೋವೆಂದರೂ ಹಾವು ಕಚ್ಚಿತೆಂದರೂ ಊರಿನವರು ಓಡಿಬರುತ್ತಿದ್ದುದು ಒಂದು ಕಾಲಕ್ಕೆ ಆ ಕಾರಿನ ಬಳಿಗೇ. ಪಿಳ್ಳಣ್ಣ ತೀರಿಕೊಂಡ ಮೇಲೆ ಅದು ಮನೆ ಮಗ್ಗುಲಿನ ಚಪ್ಪರದಡಿ ನಿಂತುಹೋಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಗುಜರಿಯವರು ಎಷ್ಟು ಕೇಳಿದರೂ ಪಿಳ್ಳಣ್ಣನ ಹೆಂಡತಿ ಪಾಪಕ್ಕ ಕೊಟ್ಟಿರಲಿಲ್ಲ. ಹರಿಪ್ರಸಾದ್ ಹೋಗಿ ಕೇಳಿದಾಗ ಮಾತ್ರ ಒಪ್ಪಿದಳು.

"ಒಡೆಯಾಕಲ್ಲ ಅಂದ್ರೆ ತಗೊಂಡೋಗಪ್ಪ. ಓಡಂಗಾದ್ಮೇಲೆ ಒಂದ್ ಕಿತ ತಂದು ತೋರ್ಸು."

ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸುವಾಗ ಆಕೆ ಸೆರಗು ಬಿಗಿದುಕೊಂಡು ಹಿಂದೆಯೇ ಬಂದಳು.

"ಹರೀ, ಆ ಡಿಕ್ಕಿ ಒಳಗಡೆ ಒಂಚೂರು ಜ್ವಾಪಾನ..."

ಟ್ರಾಕ್ಟರಿನ ಸದ್ದಿನಲ್ಲಿ ಅವನಿಗೆ ಅರ್ಧವಷ್ಟೇ ಕೇಳಿಸಿತು. "ನೀವೇನೂ ಯೋಚ್ನೆ ಮಾಡ್ಬೇಡಿ ಪಾಪಕ್ಕ, ಎಲ್ಲಾ ನಾನ್ ನೋಡ್ಕೋತೀನಿ" ಎಂದು ಕೂಗಿ ಕೈಯಾಡಿಸಿದ. ಆಕೆ ನಂಬಿಕೊಂಡು ನಿಂತಳು.

ಕೆಲಸ ವರ್ಷಗಟ್ಟಲೆ ಹಿಡಿಯಿತು. ತುಕ್ಕು ತಿಂದ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆದ. ದೀಪದ ಗಾಜಿಗಾಗಿ ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಡಿಕ್ಕಿಯ ಮುಚ್ಚಳದ ಒಳಗೆ ಯಾರೋ ಕಿಟಕಿಗೆ ಬಳಿಯುವ ಹಸಿರು ಬಣ್ಣವನ್ನು ಕುಂಚದಿಂದ ಮೆತ್ತಿದ್ದರು. ಅದರ ನಡುವೆ ಒಂದು ಕೈಯ ಗುರುತಿತ್ತು. "ಬಣ್ಣ ಒಣಗೋವರ್ಗೂ ತಾಳ್ಮೆ ಇಲ್ಲ ಇವ್ರಿಗೆ" ಎಂದು ಗೊಣಗಿಕೊಂಡು, ಎಮರಿ ಪೇಪರಿನಿಂದ ತಗಡು ಹೊಳೆಯುವತನಕ ಉಜ್ಜಿದ.

ಕೆನೆ ಬಣ್ಣದ ಫಿಯೆಟ್ ಕುಂದಾಣಕ್ಕೆ ಬಂದ ಬೆಳಿಗ್ಗೆ ಅಕ್ಕಪಕ್ಕದವರೆಲ್ಲ ಸುತ್ತುವರಿದರು. ಪಾಪಕ್ಕ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ಹಾರನ್ ಕೇಳಿ ನಕ್ಕಳು. ಆಮೇಲೆ ಹಿಂದಕ್ಕೆ ಹೋಗಿ, "ಇದುನ್ನ ತೆಗಿ" ಎಂದಳು. ಅವನು ಡಿಕ್ಕಿ ಎತ್ತಿ ಹಿಡಿದ. ಆಕೆ ಬಗ್ಗಿ ನೋಡಿದಳು. ಕಣ್ಣು ಕಾಣದವಳಂತೆ ಬೆರಳಿನಿಂದ ತಡವಿದಳು.

"ಇಲ್ಲಿ ಹಸಿರು ಬಣ್ಣ ಇತ್ತಲ್ಲಪ್ಪ?"

"ಇತ್ತು. ಅದು ಕಂಪನಿದಲ್ಲ ಪಾಪಕ್ಕ. ತೆಗ್ದಾಕ್ದೆ."

"ಕೈ ಇತ್ತಲ್ಲ?"

ಅವನು ಮುಚ್ಚಳದೊಳಕ್ಕೆ ಬಗ್ಗಿ ನೋಡಿದ. ಆಕೆ ಹೇಳಿದಳು. "ನಮ್ ಮಗ್ಳು ಅಕ್ಕಯಮ್ಮಂದು. ಅವರಪ್ಪ ಬಳೀತಿದ್ರೆ ಓಡ್ಬಂದು ಕೈಯಿಟ್ಬುಟ್ಳು. ಎರಡೇಟು ಕೊಟ್ರು. ಮುಂದಿನ್ ವರ್ಷ ಜ್ವರ ಬಂದು ಹೋಗ್ಬುಟ್ಳಲ್ಲ, ಆಮ್ಯಾಕೆ ಅವ್ರು ಅದ್ರ ಮ್ಯಾಲೆ ಬಣ್ಣ ಹಾಕ್ನೇ ಇಲ್ಲ. ಮಗೀದು ಒಂದ್ ಫೋಟೋನೂ ಇಲ್ಲ ನೋಡು."

ಹರಿಪ್ರಸಾದನಿಗೆ ಮುಚ್ಚಳವನ್ನು ಬಿಡುವುದೋ ಹಿಡಿದೇ ಇರುವುದೋ ತಿಳಿಯಲಿಲ್ಲ.

"ನಂಗೊತ್ತಾಗ್ಲಿಲ್ಲ ಪಾಪಕ್ಕ."

"ನಿಂಗೆಂಗ್ ಗೊತ್ತಾಯ್ತದೆ? ನಾನೇ ಬಿಡ್ಸಿ ಹೇಳ್ಬೇಕಿತ್ತು. ಬಾ, ಕಾಫಿ ಕುಡಿ."

ಆಕೆ ತನ್ನ ಮೇಲೇ ತಪ್ಪು ಹಾಕಿಕೊಂಡಿದ್ದು ಅವನಿಗೆ ಇನ್ನೂ ಕಷ್ಟವಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಮನೆಗೆ ಬಂದವನೇ ಫೋನು ತಡಕಿದ. ಬಿಚ್ಚುವ ಮೊದಲು ಪ್ರತಿ ಭಾಗದ ಚಿತ್ರ ತೆಗೆಯುವುದು ಅವನ ಅಭ್ಯಾಸ. ಡಿಕ್ಕಿಯದೂ ಸಿಕ್ಕಿತು; ಆದರೆ ತೆಗೆದದ್ದು ಮುಚ್ಚಳದ ಕೀಲಿನ ಸಲುವಾಗಿ. ಕೀಲು ಸ್ಪಷ್ಟವಾಗಿತ್ತು, ಅದರ ಒಂದೊಂದು ಸ್ಕ್ರೂ ಕಾಣುತ್ತಿತ್ತು. ಹಸಿರು ಚಿತ್ರದ ಅಂಚಿನಲ್ಲಿ ಮಸುಕಾಗಿ ಮುಗಿದುಹೋಗಿತ್ತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಬೆರಳೆಂದು ಹೇಳುವಂಥದ್ದು ಏನೂ ಇರಲಿಲ್ಲ.

ಬೆಂಗಳೂರಿನ ಹಳೆಯ ಕಾರುಗಳ ಪ್ರದರ್ಶನಕ್ಕೆ ಆ ಫಿಯೆಟ್ ಒಯ್ಯಬೇಕೆಂದಿದ್ದವನು ಹೋಗಲಿಲ್ಲ. ಕಾರನ್ನು ತಿರುಗಿ ಪಾಪಕ್ಕನ ಅಂಗಳದಲ್ಲೇ ಬಿಡಲು ಹೋದ. "ನಾನ್ ಇಟ್ಕೊಂಡು ಏನ್ ಮಾಡ್ಲಿ, ಓಡ್ಸೋರ್ ಯಾರು? ನೀನೇ ಮಡಿಕ್ಕೊ" ಎಂದು ಆಕೆ ಕಳಿಸಿಬಿಟ್ಟಳು.

ಈಗ ಆಕೆಯ ಮಂಡಿನೋವಿಗೆ ದೇವನಹಳ್ಳಿಯ ಆಸ್ಪತ್ರೆಗೆ ಅವನೇ ಅದೇ ಕಾರಿನಲ್ಲಿ ಕರೆದೊಯ್ಯುತ್ತಾನೆ. ದಾರಿಯುದ್ದಕ್ಕೂ ಪಾಪಕ್ಕ ರಾಗಿಯ ವಿಷಯ, ಮಳೆಯ ವಿಷಯ ಮಾತಾಡುತ್ತಾಳೆ. ಮಗಳ ಹೆಸರು ಮತ್ತೆ ಎತ್ತಿಲ್ಲ. ಒಂದು ದಿನವಾದರೂ ಬಾಯಿತುಂಬ ಬೈಯಲಿ ಎಂದು ಅವನು ಕಾಯುತ್ತಾನೆ. ಆಕೆ, "ಸೀಟು ಮೆತ್ತಗೈತೆ ಕಣಪ್ಪ" ಎನ್ನುತ್ತಾಳೆ.