ಬೋರಲಿಟ್ಟ ಗ್ಲಾಸುಗಳು

ಆ ಹೋಟೆಲಿನ ಗ್ಲಾಸುಗಳನ್ನೆಲ್ಲ ತೊಳೆಯುತ್ತಿದ್ದವಳನ್ನು ಅಡುಗೆಯವರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಕರೆಯುವುದಕ್ಕೆ ಅವರಪ್ಪನ ಗಂಟೇನು ಹೋಗುತ್ತದೆ! ಹನ್ನೊಂದು ವರ್ಷ ತೊಟ್ಟಿಯ ಮುಂದೆ ನಿಂತು ಅವಳ ಬೆರಳುಗಳು ಸುಕ್ಕುಗಟ್ಟಿದ್ದವು. ಆದರೆ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಮೂಸಿ ಮೂಸಿಯೇ ಯಾವುದು ಯಾವ ವೈನ್ ಎಂದು ಹೇಳುವಷ್ಟು ಕಲಿತಿದ್ದಳು. ವೈನ್ ಬಡಿಸುತ್ತಿದ್ದ ಮುದುಕ ಕೆಲಸ ಬಿಟ್ಟಾಗ, ಆ ಜಾಗ ತನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿದಳು.

"ನೋಡೋಣ. ಭಾನುವಾರ ನಮ್ಮ ಅಳಿಯಂದಿರು ಹೊಸ ಗ್ಲಾಸ್ ತೋರಿಸ್ತಾರೆ, ನೀನೂ ಮೇಲೆ ಬಾರಕ್ಕ" ಎಂದರು ಮಾಲೀಕರು.

ಅಳಿಯರಾಯನಿಗೆ ವೈನಿಗಿಂತ ಗ್ಲಾಸಿನ ಹುಚ್ಚು. ಕಾಗದದಷ್ಟು ತೆಳ್ಳಗಿನ ಗ್ಲಾಸುಗಳನ್ನು ತರಿಸಿ, ಆಗಷ್ಟೇ ವಾರ್ನಿಶ್ ಹೊಡೆದ ಕಪಾಟಿನಲ್ಲಿ, ಧೂಳು ಕೂರಬಾರದೆಂದು ಬೋರಲಾಗಿ ಸಾಲುಗಟ್ಟಿ ಇಟ್ಟಿದ್ದ. "ಬಾಯಿ ಮೇಲೆ ಮಾಡಿ ಇಡಿ, ಬೋರಲಿಟ್ರೆ ಒಳಗೆ ವಾಸನೆ ಕೂತ್ಕೊಳ್ಳುತ್ತೆ" ಎಂದು ಅಕ್ಕ ಎರಡು ಸಲ ಹೇಳಿದ್ದಳು. ತೊಳೆಯುವವಳ ಮಾತು ಯಾರಿಗೆ ಬೇಕು.

ಭಾನುವಾರ ಹತ್ತು ಹನ್ನೆರಡು ಹಳೇ ಗಿರಾಕಿಗಳು ಬಂದರು. ಒಂದೇ ಬಾಟಲಿಯ ವೈನನ್ನು ಹಳೆಯ ದಪ್ಪ ಗ್ಲಾಸಿಗೂ ಹೊಸದಕ್ಕೂ ಸುರಿದು ಅಳಿಯ ಅಕ್ಕನೂ ಸೇರಿದಂತೆ ಎಲ್ಲರ ಕೈಗಿತ್ತ.

"ಹೊಟ್ಟೆ ಅಗಲ, ಬಾಯಿ ಕಿರಿದು. ಪರಿಮಳ ಆಚೆ ಹೋಗಲ್ಲ. ಅಂಚು ತೆಳ್ಳಗಿರೋದ್ರಿಂದ ತುಟಿಗೆ ಗ್ಲಾಸ್ ಇದೆ ಅಂತಾನೇ ಗೊತ್ತಾಗಲ್ಲ."

ಅವನು ಹೇಳಿದ್ದೇನೂ ಸುಳ್ಳಲ್ಲ. ಗಿರಾಕಿಯೊಬ್ಬ ಹೊಸ ಗ್ಲಾಸಿನಿಂದ ಒಂದು ಗುಟುಕು ಕುಡಿದು "ಆಹಾ, ಸ್ವರ್ಗ!" ಎಂದ. ಉಳಿದವರೂ ತಲೆದೂಗಿದರು.

"ಏನಕ್ಕ, ನಿಂಗೆ ಯಾವುದು ಹಿಡಿಸ್ತು?" ಎಂದರು ಮಾಲೀಕರು.

ಯಾವ ಉತ್ತರ ಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಇದೇ ತನ್ನ ಪರೀಕ್ಷೆ, ಇಲ್ಲಿ ಬೇಕಿರುವುದು ಮೂಗು ಎಂದುಕೊಂಡಳು, ಪಾಪ.

"ದಪ್ಪದ್ದು ಸಾರ್. ಹೊಸದು ವಾರ್ನಿಶ್ ವಾಸನೆ ಹೊಡೀತಿದೆ. ಗ್ಲಾಸ್ ಒಳ್ಳೇದೇ, ಅದಕ್ಕೇ ವಾಸನೇನೂ ಬಿಡದೆ ಹಿಡ್ಕೊಂಡಿದೆ."

ಸ್ವರ್ಗ ಕಂಡವನು ಇಂಗು ತಿಂದ ಮಂಗನಂತಾದ. ಮಾಲೀಕರು ಗ್ಲಾಸಿಗೆ ಮೂಗಿಟ್ಟರು, ಅವರಿಗೂ ತಿಳಿಯಿತು, ಮುಖ ಕಪ್ಪಿಟ್ಟಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಮರುದಿನ ಕರೆಸಿದರು. "ನಿನ್ನ ಮೂಗಿಗೆ ಸಾಟಿ ಇಲ್ಲ, ಒಪ್ಪಿದೆ. ಗ್ಲಾಸನ್ನೆಲ್ಲ ಬೇರೆ ಕಪಾಟಿಗೆ ಹಾಕಿಸಿದೀನಿ. ಆದ್ರೆ ನಾಲ್ಕು ಜನರ ಎದುರು ಅಳಿಯಂದಿರ ಮಾನ ಕಳೆದೆಯಲ್ಲ. ಬಡಿಸೋ ಕೆಲಸ ಇನ್ಮೇಲೆ ಅವರೇ ನೋಡ್ಕೊಳ್ತಾರೆ. ಇಂಥ ಮೂಗು ತೊಟ್ಟಿ ಹತ್ರಾನೇ ಇರ್ಬೇಕು. ಒಂದೊಂದು ಗ್ಲಾಸನ್ನೂ ನೀನೇ ಮೂಸಿ ಮೇಲೆ ಕಳಿಸಕ್ಕ."

ನಿಮ್ಮ ಅಳಿಯನಿಗೆ ಕೆಂಪು ಬಿಳಿ ಬಿಟ್ಟರೆ ವೈನಿನ ಗಂಧವೇ ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಷ್ಟು ಜನರ ಮುಂದೆ ಅಂಜದೆ ಆಡಿದ ಬಾಯಿ, ಮಾಲೀಕರೊಬ್ಬರ ಮುಂದೆ "ಆಯ್ತು ಸಾರ್" ಎಂದುಬಿಟ್ಟಿತು. ಕೈತಪ್ಪಿದ ಕೆಲಸವನ್ನು ಮರೆತಾಳು, ಆ ಎರಡು ಮಾತಿಗೆ ಅವಳು ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಲ್ಲ.